ಊಟದ ಮೇಜಿನ ಮೇಲಿನ ಆಸ್ಪತ್ರೆ

ಮನೆಯಿಂದ,
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ದೊಡ್ಡಮ್ಮನ ಮಂಡಿಯ ಸಮಾಚಾರ ಆಮೇಲೆ, ಮೊದಲು ನಿನ್ನ ಬೆನ್ನು ಹೇಗಿದೆ ಹೇಳು. ಅವಳ ಮಂಡಿಗೆ ಡಾಕ್ಟರು ಹೊಸ ಕೀಲು ಹಾಕಿದ್ದಾರೆ, ನಿನ್ನ ಬೆನ್ನಿಗೆ ಇನ್ನೂ ಹಳೆಯದೇ ಇದೆ ಅನ್ನುವುದನ್ನು ಅವಳನ್ನು ಎತ್ತಿ ಕೂರಿಸುವಾಗಲೆಲ್ಲ ನೆನಪಿಟ್ಟುಕೋ. ನಿದ್ದೆ ಸರಿಯಾಗಿ ಬರುತ್ತಿದೆಯಾ? ಅವಳ ಗೊರಕೆಗೆ ಹೆದರಿ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತೇನೆ ಅಂದಿದ್ದೆಯಲ್ಲ, ಹಾಗೆ ಮಾಡಬೇಡ, ಅವಳು ಕರೆದರೆ ಕೇಳಿಸಬೇಕು. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ಚೆನ್ನಾಗಿದ್ದೇವೆ ಅಂದರೆ ಅಪ್ಪ ಚೆನ್ನಾಗಿದ್ದಾರೆ, ನಿನ್ನ ಅಳಿಯ ಯಾವಾಗಲೂ ಚೆನ್ನಾಗಿಯೇ ಇರುತ್ತಾರೆ, ನನಗೆ ಮಾತ್ರ ಊಟ ಗಂಟಲಿನಿಂದ ಕೆಳಗೆ ಇಳಿಯುತ್ತಿಲ್ಲ. ಗಾಬರಿಯಾಗಬೇಡ, ಕಾಯಿಲೆಯೇನಲ್ಲ. ಕಾಯಿಲೆಯಾಗಿದ್ದರೆ ಮಾತ್ರೆ ನುಂಗಿ ಸುಮ್ಮನಾಗುತ್ತಿದ್ದೆ.

ಇದನ್ನೆಲ್ಲ ಫೋನಿನಲ್ಲಿ ಹೇಳಬಾರದಿತ್ತೇ, ಈ ಕಾಲದಲ್ಲಿ ಯಾರು ಪತ್ರ ಬರೆಯುತ್ತಾರೆ ಅನ್ನುತ್ತೀಯ. ಹೇಗೆ ಹೇಳಲಿ? ಅಪ್ಪನ ಕಣ್ಣು ಮಂಜಾದ ಮೇಲೆ ಕಣ್ಣಿನ ಕೆಲಸವನ್ನೂ ಕಿವಿಯೇ ವಹಿಸಿಕೊಂಡಿದೆ. ನಾನು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಪಿಸುಗುಟ್ಟಿದರೂ ಹೊರಗಿನಿಂದ "ಯಾರ ಹತ್ರ ಮಾತಾಡ್ತಿದ್ದೀಯ ಪುಟ್ಟಿ?" ಅನ್ನುತ್ತಾರೆ. ಆ ಕಡೆ ದೊಡ್ಡಮ್ಮ ಫೋನನ್ನು ಸ್ಪೀಕರಿಗೆ ಹಾಕದೆ ಮಾತಾಡುವವಳಲ್ಲ, ಅವಳ ಬೀದಿಯ ಅರ್ಧ ಜನಕ್ಕೆ ನಮ್ಮ ಮನೆಯ ವಿಷಯ ಗೊತ್ತಿರುತ್ತದೆ. ಆದ್ದರಿಂದ ಈ ಪತ್ರ. ಒಬ್ಬಳೇ ಕೂತು ಓದು. ದೊಡ್ಡಮ್ಮ ಏನಂತೆ ಅಂತ ಕೇಳಿದರೆ ಬಟ್ಟೆ ಒಗೆಯುವ ಯಂತ್ರ ಕೆಟ್ಟಿದೆಯಂತೆ ಅನ್ನು. ಅದು ನಿಜವಾಗಿಯೂ ಕೆಟ್ಟಿದೆ.

ವಿಷಯ ಇದು. ಅಪ್ಪ ಕಟ್ಟಿದ ಕಟ್ಟಡವನ್ನು ಒಡೆಯುತ್ತಿದ್ದಾರೆ. ಪೂರ್ತಿ ಅಲ್ಲ. ಎಲುಬು ಉಳಿಸಿಕೊಂಡು ಚರ್ಮ ಸುಲಿಯುತ್ತಿದ್ದಾರೆ. ಸುಲಿಯುತ್ತಿರುವವಳು ನಾನು.

ಯಾವ ಕಟ್ಟಡ ಅಂತ ನಿನಗೆ ಹೇಳಬೇಕಿಲ್ಲ. ಅಪ್ಪ ಮನೆಗಳು, ಶಾಲೆಗಳು ಎಷ್ಟೋ ಕಟ್ಟಿರಬಹುದು, ಅಪ್ಪನ ಕಟ್ಟಡ ಅಂದರೆ ನಮ್ಮ ಮನೆಯಲ್ಲಿ ಒಂದೇ. ವೃತ್ತದಲ್ಲಿ ನಿಂತಿರುವ ಆ ವಿಮಾ ಕಂಪನಿಯ ಹತ್ತು ಅಂತಸ್ತಿನ ಆಫೀಸು. ಮೈಯೆಲ್ಲ ಗುಲಾಬಿ ಕಲ್ಲು, ಐದನೇ ಅಂತಸ್ತಿನಲ್ಲಿ ಸುತ್ತಲೂ ಗುಂಡು ಕಿಟಕಿ, ಬಾಗಿಲ ಮುಂದೆ ಹಿತ್ತಾಳೆ ಪಟ್ಟಿ ತೊಟ್ಟ ದಪ್ಪ ದಪ್ಪ ಕಂಬಗಳು, ನೆತ್ತಿಯ ಮೇಲೆ ಏನನ್ನೂ ಮುಚ್ಚದ ಒಂದು ದೊಡ್ಡ ಅರ್ಧಚಂದ್ರದ ಕಮಾನು. ಆಗ ಊರಿನಲ್ಲಿ ಏಳುತ್ತಿದ್ದ ಆಫೀಸುಗಳೆಲ್ಲ ಬೆಂಕಿಪೊಟ್ಟಣ ನಿಲ್ಲಿಸಿದ ಹಾಗಿದ್ದವು. ಕಟ್ಟಡವಾದರೂ ದಾರಿಹೋಕರನ್ನು ನೋಡಿ ಒಂದಿಷ್ಟು ನಗಲಿ ಅಂತ ಅಪ್ಪ ಹಟ ಹಿಡಿದು ಮಾಡಿದ್ದು. ಆ ಶೈಲಿಗೆ ಪೋಸ್ಟ್ ಮಾಡರ್ನ್ ಅಂತ ದೊಡ್ಡ ಹೆಸರಿದೆ. ಊರಿನವರು ಇಟ್ಟ ಹೆಸರು ಟೋಪಿ ಕಟ್ಟಡ. ವಿಮಾ ಕಂಪನಿಯ ತಲೆಗೆ ಟೋಪಿ ಅಂದರೆ ಕೇಳಬೇಕೇ, ಪತ್ರಿಕೆಯವರು ವ್ಯಂಗ್ಯಚಿತ್ರ ಬರೆದು ಬರೆದು ದಣಿದರು. ಅದಾದ ಮೇಲೆ ಅಪ್ಪನಿಗೆ ದೊಡ್ಡ ಕೆಲಸ ಯಾರೂ ಕೊಡಲಿಲ್ಲ ಅನ್ನುವುದು ನಾನು ಬೆಳೆದು ಇದೇ ವೃತ್ತಿಗೆ ಬಂದ ಮೇಲೆ ನನಗೆ ಅರ್ಥವಾದದ್ದು. ನೀನೂ ಅದರ ಮಾತು ಬಂದಾಗಲೆಲ್ಲ "ನಿಮ್ಮಪ್ಪನ ಟೋಪಿ" ಅಂತ ನಗುತ್ತಿದ್ದವಳೇ. ಅದಕ್ಕೇ ನಿನಗೆ ಇದನ್ನು ಬರೆಯಲು ನನಗೆ ಭಯವಿಲ್ಲ. ಭಯವೆಲ್ಲ ಅಪ್ಪನ ಬಗ್ಗೆಯೇ.

ನೀನು ಹೊರಟ ವಾರವೇ ಆರನೇ ಅಂತಸ್ತಿನಿಂದ ಒಂದು ಕಲ್ಲಿನ ಹಲಗೆ ಕಳಚಿ ಫುಟ್‌ಪಾತಿಗೆ ಬಿತ್ತು. ರಜೆಯ ದಿನ, ಕೆಳಗೆ ಯಾರೂ ಇರಲಿಲ್ಲ. ಅದೊಂದು ಪುಣ್ಯ. ಆ ಕಲ್ಲುಗಳನ್ನು ಗೋಡೆಗೆ ಸಿಕ್ಕಿಸಿರುವ ಕಬ್ಬಿಣದ ಕೊಕ್ಕೆಗಳು ಒಳಗೊಳಗೇ ತುಕ್ಕು ಹಿಡಿದಿವೆ. ಅಪ್ಪ ನಕ್ಷೆಯಲ್ಲಿ ತುಕ್ಕು ಹಿಡಿಯದ ಕೊಕ್ಕೆಗಳನ್ನೇ ಬರೆದಿದ್ದರು, ಕಟ್ಟುವವರು ಬೇರೆ ಹಾಕಿದ್ದರು. ಅದೆಲ್ಲ ಈಗ ಯಾರಿಗೆ ಬೇಕು? ಹೇಗೂ ಕಲ್ಲು ಇಳಿಸಲೇಬೇಕು, ಇಳಿಸುವುದಾದರೆ ಕಟ್ಟಡವನ್ನೇ ಹೊಸದು ಮಾಡೋಣ ಅಂತ ಕಂಪನಿಯವರು ತೀರ್ಮಾನಿಸಿದರು. ಒಳಗೆ ಕೆಲಸ ಮಾಡುವವರ ದೂರುಗಳೂ ಸುಳ್ಳಲ್ಲ ಅಮ್ಮಾ. ಗುಂಡು ಕಿಟಕಿ ಕೂತವರಿಗೆ ಎತ್ತರ, ನಿಂತವರಿಗೆ ತಗ್ಗು. ಮಧ್ಯಾಹ್ನದ ಬಿಸಿಲು ಅದರಲ್ಲಿ ನುಗ್ಗಿ ನೇರ ಕಂಪ್ಯೂಟರಿಗೆ ಹೊಡೆಯುತ್ತದೆ ಅಂತ ರಟ್ಟು ಅಂಟಿಸಿಕೊಂಡಿದ್ದಾರೆ. ಅಂತಸ್ತುಗಳ ನಡುಭಾಗದಲ್ಲಿ ಹಗಲಿನಲ್ಲೇ ದೀಪ ಉರಿಯಬೇಕು. ಚಾವಣಿಯ ಹಲಗೆಗಳ ಮೇಲೆಲ್ಲ ಏಸಿಯ ನೀರು ಸೋರಿ ಕಂದು ಕಲೆ. ಅಲ್ಲಿ ಮೂವತ್ತು ವರ್ಷ ಕೂತ ಗುಮಾಸ್ತೆಯೊಬ್ಬರು ನನಗೆ ತಮ್ಮ ಮೇಜು ತೋರಿಸಿ, "ಇಲ್ಲಿ ಮಳೆ ಬಂದ್ರೂ ಗೊತ್ತಾಗಲ್ಲ, ರಾತ್ರಿ ಆದ್ರೂ ಗೊತ್ತಾಗಲ್ಲ" ಅಂದರು. ಇದನ್ನು ಕಟ್ಟಿದವರ ಮಗಳು ನಾನು ಅಂತ ಹೇಳದೆ ಮೇಜಿನ ಅಳತೆ ತೆಗೆದುಕೊಂಡೆ.

ನಮ್ಮ ಆಫೀಸಿಗೆ ಈ ಕೆಲಸ ಬಂದಾಗ ದೊಡ್ಡ ಸಾಹೇಬರು ನನ್ನನ್ನು ಒಳಗೆ ಕರೆದು, ನಿಮ್ಮ ತಂದೆಯವರ ಕಟ್ಟಡ, ನೀವೇ ನೋಡಿಕೊಂಡರೆ ಚೆನ್ನ ಅಂದರು. ಬೇರೆಯವರ ಕೈಗೆ ಹೋದರೆ ಕರುಣೆ ಇಲ್ಲದೆ ಒಡೆಯುತ್ತಾರೆ, ನಾನಾದರೆ ಒಂದಿಷ್ಟಾದರೂ ಉಳಿಸುತ್ತೇನೆ ಅಂದುಕೊಂಡು ಒಪ್ಪಿಕೊಂಡೆ. ಅವತ್ತೇ ಸಂಜೆ ಅಪ್ಪನಿಗೆ ಹೇಳಿಬಿಡಬೇಕು ಅಂತ ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡು ಬಂದೆ. ಕಣ್ಣಿನ ಡಾಕ್ಟರು ಇನ್ನು ಇಷ್ಟೇ ಅಂದ ಮೇಲೆ ಅಪ್ಪ ಹೇಗಾಗಿದ್ದರು ಅಂತ ನೀನೇ ನೋಡಿದ್ದೀಯಲ್ಲ. ನೋಡಬೇಕಾದ್ದು ಕಾಣಲ್ಲ, ಅಕ್ಕಪಕ್ಕದ ಬೇಡದ್ದೆಲ್ಲ ಕಾಣುತ್ತೆ ಅಂತ ಒಂದು ಸಲ ನಕ್ಕಿದ್ದು ಬಿಟ್ಟರೆ ಕಟ್ಟಡದ ಮಾತೇ ಎತ್ತಿರಲಿಲ್ಲ. ಆ ಸಂಜೆ ಊಟಕ್ಕೆ ಕೂತಾಗ ಏನೋ ಮನಸ್ಸು ಬಂದು "ಹೊಸ ಕೆಲಸ ಏನಾದ್ರೂ ಬಂತಾ?" ಅಂತ ಅವರಾಗಿ ಕೇಳಿದರು. ನಾನು ಬಾಯಿ ತೆರೆದೆ. ತೆರೆದ ಬಾಯಿಂದ "ಆಸ್ಪತ್ರೆ ಅಪ್ಪಾ, ಒಂದು ಹಳೇ ಆಸ್ಪತ್ರೆ" ಅಂತ ಬಂತು. ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ. ನಿನ್ನ ಅಳಿಯನಿಗೆ ಕುಡಿಯುತ್ತಿದ್ದ ನೀರು ನೆತ್ತಿಗೇರಿತು.

ಅಲ್ಲಿಗೇ ಮುಗಿದಿದ್ದರೆ ಮರುದಿನ ಸರಿಮಾಡಿಕೊಳ್ಳಬಹುದಿತ್ತು. ಆದರೆ ಅಪ್ಪ ತಟ್ಟೆ ಸರಿಸಿ, ನೆಟ್ಟಗೆ ಕೂತು, "ನಕ್ಷೆ ಎಲ್ಲಿ, ತೋರ್ಸು" ಅಂದರು. ಕಾಗದದ ನಕ್ಷೆ ಅವರಿಗೆ ಕಾಣುವುದಿಲ್ಲ. ಆಗ ಅವರೇ ಉಪಾಯ ಹೇಳಿದರು. ಬೈಯಬೇಡ, ನಿನ್ನ ಹೊಲಿಗೆ ಡಬ್ಬಿಯಲ್ಲಿದ್ದ ಅಂಗಿ ಗುಂಡಿಗಳೆಲ್ಲ ಈಗ ಊಟದ ಮೇಜಿನ ಮೇಲಿವೆ. ಕೋಟಿನ ದೊಡ್ಡ ಗುಂಡಿಗಳು ಕಟ್ಟಡದ ಭಾರ ಹೊರುವ ಕಂಬಗಳು, ಅಂಗಿಯ ಸಣ್ಣ ಗುಂಡಿಗಳು ಅಲಂಕಾರದ ಕಂಬಗಳು, ಚಮಚಗಳು ಗೋಡೆ, ಬೆಂಕಿಪೊಟ್ಟಣ ಲಿಫ್ಟು. ನಿನ್ನ ಟೇಪು ಹಿಡಿದು ಅಳತೆಗೆ ಸರಿಯಾಗಿ ನಾನು ಒಂದೊಂದೇ ಜೋಡಿಸುತ್ತೇನೆ, ಅಪ್ಪ ಎರಡೂ ಕೈಯ ಬೆರಳು ಆಡಿಸಿ ಓದುತ್ತಾರೆ. ಮೊದಲ ದಿನ ಒಂದು ಕಡೆ ಬೆರಳು ನಿಲ್ಲಿಸಿ "ಇಲ್ಲಿ ಅಂತರ ಕಮ್ಮಿ ಇದೆಯಲ್ಲ" ಅಂದರು. ನಿಜ, ಆ ಸಾಲು ಇಕ್ಕಟ್ಟು. ಕೆಳಗೆ ಹಳೆಯ ಚರಂಡಿ ಇದ್ದದ್ದರಿಂದ ಕಂಬಗಳನ್ನು ಪಕ್ಕಕ್ಕೆ ಸರಿಸಿದ್ದಾರೆ. ಆಸ್ಪತ್ರೆಯ ಕೆಳಗೂ ಒಂದು ಚರಂಡಿ ಇತ್ತಂತೆ ಅಂತ ಹೇಳಿದೆ. ಹ್ಞೂಂ ಅಂದು ಮುಂದೆ ಹೋದರು.

ಅವತ್ತಿನಿಂದ ಅಪ್ಪ ಬೇರೆ ಮನುಷ್ಯರಾಗಿದ್ದಾರೆ. ದಿನಾ ಗಡ್ಡ ಹೆರೆದುಕೊಳ್ಳುತ್ತಾರೆ. ನಾನು ಚಪ್ಪಲಿ ಬಿಡುವುದರೊಳಗೆ "ಆಸ್ಪತ್ರೆ ಏನಾಯ್ತು?" ಅನ್ನುತ್ತಾರೆ. ನಾವು ಮೂವರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮಾಡುತ್ತಿದ್ದೇವೆ, ಯಾಕೆಂದರೆ ಮೇಜನ್ನು ಯಾರೂ ಮುಟ್ಟುವಂತಿಲ್ಲ. ನಿನ್ನ ಅಳಿಯ ಒಂದು ಬೆಳಿಗ್ಗೆ ಅಂಗಿಯ ಗುಂಡಿ ಬಿತ್ತು ಅಂತ ಅಲ್ಲಿಂದ ಒಂದನ್ನು ಎತ್ತಿಕೊಂಡರು, ಸಂಜೆ ಅಪ್ಪ ಬೆರಳಾಡಿಸಿ "ಕಂಬ ಕದ್ದೋರು ಯಾರು?" ಅಂತ ಮನೆಯೆಲ್ಲ ಕೂಗಾಡಿದರು. ನನಗೋ ದಿನಾ ಸಂಜೆ ಸುಳ್ಳಿನ ಅನುವಾದ. ಗುಮಾಸ್ತರ ಮೇಜುಗಳನ್ನು ಹಾಸಿಗೆ ಅನ್ನಬೇಕು, ಲಿಫ್ಟಿನ ಮುಂದಿನ ಹಸಿರು ಅಮೃತಶಿಲೆಯ ಹಜಾರವನ್ನು ರೋಗಿಗಳು ಕಾಯುವ ಜಾಗ ಅನ್ನಬೇಕು. ಆಡಳಿತ ಮಂಡಳಿಯ ಸಭಾಂಗಣವನ್ನು ಆಪರೇಷನ್ ಥಿಯೇಟರ್ ಮಾಡಿದ್ದೇನೆ, ಎರಡು ಕಡೆಯೂ ಕೊಯ್ಯುವುದೇ ಕೆಲಸವಾದ್ದರಿಂದ ಅದೊಂದು ಸುಲಭವಾಯಿತು.

ಆದರೆ ಅಪ್ಪ ಆಡುವ ಮಾತುಗಳಿವೆಯಲ್ಲ ಅಮ್ಮಾ, ಅವನ್ನು ಕೇಳಿ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಬಾಗಿಲ ಮುಂದಿನ ಸಣ್ಣ ಗುಂಡಿಗಳನ್ನು ಮುಟ್ಟಿ ಈ ಕಂಬಗಳು ಏನು ಹೊತ್ತಿವೆ ಅಂತ ಕೇಳಿದರು. ಏನೂ ಇಲ್ಲ ಅಂದೆ. "ಹಾಗಾದ್ರೆ ಸುಮ್ನೆ ನಿಂತು ಸಂಬಳ ತಗೋತಿವೆ, ತೆಗಿ" ಅಂದರು. ಗುಂಡು ಕಿಟಕಿಯ ವಿಷಯ ಹೇಳಿದಾಗ ತಲೆ ಹಿಡಿದುಕೊಂಡರು. "ಯಾವನೋ ಹುಡುಗ ತನಗೆ ಬರೋದನ್ನೆಲ್ಲ ಒಂದೇ ಕಟ್ಟಡದಲ್ಲಿ ತೋರಿಸ್ಬಿಡ್ಬೇಕು ಅಂತ ಹೊರಟಿದ್ದಾನೆ. ಒಳಗೆ ಕೂರೋರು ಯಾರು ಅಂತ ಒಂದು ಸಲಾನೂ ಕೇಳ್ಕೊಂಡಿಲ್ಲ." ಅಪ್ಪಾ, ಆ ಹುಡುಗ ನೀವೇ ಅಂತ ನನ್ನ ಬಾಯಿಯವರೆಗೆ ಬಂದು ನಿಂತಿತು. ನಾನು ಒಳಗೆ ಹೋಗಿ ಸುಮ್ಮನೆ ಪಾತ್ರೆ ತೊಳೆದೆ. ಇನ್ನೊಂದು ದಿನ ನಾನೇ ತಡೆಯಲಾರದೆ, ಪಾಪ, ಆ ಕಾಲಕ್ಕೆ ಅದು ಹೊಸತಲ್ಲವಾ, ಜನ ನಗಲಿ ಅಂತ ಮಾಡಿರಬಹುದು ಅಂತ ಆ ಹುಡುಗನ ಪರ ವಹಿಸಿ ಮಾತಾಡಿದೆ. ಅಪ್ಪ ನನ್ನ ಕಡೆಗೆ ಮುಖ ತಿರುಗಿಸಿದರು. ಆಮೇಲೆ, ನಗಿಸೋದು ಸರಿ, ಕತ್ತಲಲ್ಲಿ ಕೂರ್ಸಿ ನಗ್ಸೋದು ಯಾಕೆ ಅಂದರು.

ಇನ್ನೂ ಕಷ್ಟದ ಸಂಗತಿ ಏನೆಂದರೆ ಅವರು ಹೇಳುತ್ತಿರುವುದೆಲ್ಲ ಸರಿಯಾಗಿದೆ. ನಡುವಿನ ಕತ್ತಲೆಗೆ ಏನು ಮಾಡುವುದು ಅಂತ ನಮ್ಮ ಆಫೀಸಿನಲ್ಲಿ ಎಲ್ಲರೂ ತಲೆ ಕೆರೆದುಕೊಂಡು ಕೂತಿದ್ದಾಗ, ಅಪ್ಪ ಆ ಇಕ್ಕಟ್ಟಿನ ಸಾಲಿನ ಮೇಲೆ ಅಂಗೈ ಇಟ್ಟು, "ಇಲ್ಲಿ ಮೇಲಿಂದ ಕೆಳಗಿನವರೆಗೂ ನೆಲ ಕತ್ತರಿಸಿ ತೆಗೆದುಬಿಡಿ, ಬಾವಿ ಹಾಗೆ, ಬೆಳಕು ತಾನಾಗೇ ಇಳಿಯುತ್ತೆ" ಅಂದರು. ನಾನು ಅದನ್ನೇ ಮರುದಿನ ಸಭೆಯಲ್ಲಿ ಹೇಳಿದೆ. ದೊಡ್ಡ ಸಾಹೇಬರು ಎದ್ದು ನಿಂತು ಕೈಕುಲುಕಿದರು. ಭಾರದ ಲೆಕ್ಕ ಹಾಕುವ ಇಂಜಿನಿಯರು ಆ ಸಾಲಿನ ನೆಲವನ್ನು ಪರೀಕ್ಷಿಸಿ ಬಂದು, ಮುಂದೊಂದು ದಿನ ಕತ್ತರಿಸಲಿ ಅಂತಲೇ ಬಿಡಿಯಾಗಿ ಹಾಕಿದ ಹಾಗಿದೆ ಅಂತ ಆಶ್ಚರ್ಯಪಟ್ಟರು. ಎಲ್ಲರೂ ನನ್ನನ್ನು ಹೊಗಳಿದರು. ನನಗೆ ಆ ಹೊಗಳಿಕೆ ಮೈಗೆ ತುರಿಕೆಯ ಹಾಗಾಯಿತು. ಅಪ್ಪನ ಬುದ್ಧಿಯಿಂದಲೇ ಅಪ್ಪನ ಕಟ್ಟಡ ಸುಲಿಯುತ್ತಿದ್ದೇನೆ, ಅವರಿಗೆ ಗೊತ್ತಿಲ್ಲದೆ. ಇದಕ್ಕಿಂತ ಅವರಿಗೆ ಒಂದು ಮಾತು ಹೇಳಿ ಬೈಸಿಕೊಂಡಿದ್ದರೆ ಎಷ್ಟು ಸುಖವಿತ್ತು.

ಟೋಪಿಯ ವಿಷಯ ಕೇಳಲು ನಾನು ಬಹಳ ದಿನ ಹಿಂದೆಮುಂದೆ ನೋಡಿದೆ. ಕಂಪನಿಯವರಿಗೆ ಅದು ಬೇಡ. ಅದರ ಕೊಕ್ಕೆಗಳ ಗತಿಯೂ ಅಷ್ಟೇ. ಆದರೂ ನಾನು ಹಟ ಮಾಡಿದರೆ ಒಂದು ಚೂರು ಉಳಿಸಲು ದಾರಿ ಇದೆ, ಅದಕ್ಕೆಂದೇ ಎರಡು ಬಗೆಯ ನಕ್ಷೆ ಮಾಡಿಟ್ಟುಕೊಂಡಿದ್ದೆ. ಹೋದ ಬುಧವಾರ ಧೈರ್ಯ ಮಾಡಿ, ಆಸ್ಪತ್ರೆಯ ಮೇಲೆ ಒಂದು ಕಮಾನಿದೆ ಅಪ್ಪಾ, ಅರ್ಧ ಚಂದ್ರದ ಹಾಗೆ, ಇಡೋಣವಾ ತೆಗೆಯೋಣವಾ ಅಂದೆ. ಅಪ್ಪ ಮೇಜಿನ ಅಂಚನ್ನು ಸವರುತ್ತಾ ಕೂತರು. ಅದರ ಕೆಳಗೆ ಏನಿದೆ ಅಂತ ಕೇಳಿದರು. ಏನಿಲ್ಲ, ಆಕಾಶ ಅಂದೆ. "ತೆಗೆದುಬಿಡು. ತಲೆ ಮೇಲೆ ಭಾರ ಯಾಕೆ?" ಅಂದವರು ಕಾಫಿಯನ್ನೂ ಮುಗಿಸದೆ ಎದ್ದು ಹೋಗಿ ಮಲಗಿದರು. ದಣಿವು ಅಂದುಕೊಂಡೆ. ಆದರೆ ಆ ಲೋಟ ತೊಳೆಯುವಾಗ ನನಗೆ ಯಾಕೋ ಕೊಲೆ ಮಾಡಿ ಕೈ ತೊಳೆದ ಹಾಗೆ ಅನ್ನಿಸಿತು. ಮರುದಿನ ಟೋಪಿ ಇಲ್ಲದ ನಕ್ಷೆಯನ್ನೇ ಕೊಟ್ಟೆ. ಅದನ್ನು ಇಳಿಸುವ ಕ್ರೇನು ಮುಂದಿನ ತಿಂಗಳು ಬರುತ್ತದೆ. ಅದಕ್ಕೂ ಮೊದಲು, ನಾಳೆ ಬೆಳಿಗ್ಗೆಯೇ, ಬಾಗಿಲ ಮುಂದಿನ ಕಂಬಗಳಿಂದ ಒಡೆಯುವ ಕೆಲಸ ಶುರು.

ಇಷ್ಟು ದಿನ ಹೇಗೋ ನಡೆಯಿತು. ಇನ್ನು ನಡೆಯುವುದಿಲ್ಲ, ಅದಕ್ಕೇ ಈ ಪತ್ರ. ಮೊನ್ನೆ ಕಂಪನಿಯ ನಿರ್ದೇಶಕರು ಮೂಲ ವಿನ್ಯಾಸಕರು ಇನ್ನೂ ಇದ್ದಾರಾ ಅಂತ ವಿಚಾರಿಸಿದರಂತೆ. ನಮ್ಮ ದೊಡ್ಡ ಸಾಹೇಬರು ಹಿಗ್ಗಿ, ಇದ್ದಾರಲ್ಲ, ನಮ್ಮವಳ ತಂದೆಯೇ, ಅವರ ಸಲಹೆಯೂ ಸಿಗುತ್ತಿರಬೇಕು ಅಂದುಬಿಟ್ಟರು. ಈಗ ಶನಿವಾರ ಸಂಜೆ ನಿರ್ದೇಶಕರು ಹೂಗುಚ್ಛ ಹಿಡಿದುಕೊಂಡು ನಮ್ಮ ಮನೆಗೆ ಬರುತ್ತಾರೆ. ಜೊತೆಗೆ ಫೋಟೋ ತೆಗೆಯುವವರು. ಹಳೆಯ ಕಟ್ಟಡದ ನೆನಪಿಗೆ ಒಂದು ಗುಲಾಬಿ ಕಲ್ಲಿನ ತುಂಡಿಗೆ ಚೌಕಟ್ಟು ಹಾಕಿಸಿ ಕೊಡುತ್ತಾರಂತೆ! ನಾನು ಬೇಡ ಅನ್ನಲು ಕಾರಣ ಹುಡುಕುವುದರೊಳಗೆ ಎಲ್ಲ ಗಟ್ಟಿಯಾಗಿಬಿಟ್ಟಿತು. ನಿನ್ನ ಅಳಿಯನನ್ನು ಕೇಳಿದರೆ, ಅವರನ್ನೂ ಆಸ್ಪತ್ರೆಯವರು ಅಂತ ಹೇಳಿಬಿಡು, ಹೂವು ತಂದಿದ್ದಾರಲ್ಲ ಅಂತಾರೆ. ಇಂಥವರ ಜೊತೆ ಸಂಸಾರ ಮಾಡುತ್ತಿದ್ದೇನೆ.

ನನಗೆ ಏನು ಹೆದರಿಕೆ ಅಂತ ಬಿಡಿಸಿ ಹೇಳುತ್ತೇನೆ. ಕಟ್ಟಡ ಹೋಯಿತು ಅಂತ ಅವರಿಗೆ ನೋವಾಗುತ್ತದೆ, ಅದು ಒಂದು. ಕಲ್ಲು ಬಿದ್ದದ್ದು ಗೊತ್ತಾದರೆ ತಮ್ಮದೇ ತಪ್ಪು ಅಂದುಕೊಂಡು ಕೊರಗುತ್ತಾರೆ, ಅದು ಇನ್ನೊಂದು. ಇವೆರಡನ್ನೂ ಅವರು ತಡೆದುಕೊಂಡಾರು. ಆದರೆ ಆ ಯಾವನೋ ಹುಡುಗನ ಬಗ್ಗೆ ಇಷ್ಟು ದಿನ ಅವರು ಆಡಿದ ಮಾತುಗಳು? ಅವೆಲ್ಲ ಅವರ ಮೇಲೆಯೇ ಬಂದು ಬೀಳುತ್ತವಲ್ಲ. ನಾನು ಎದುರಿಗೇ ಕೂತು ಆಡಿಸಿದೆನಲ್ಲ. ಇನ್ನು ಆ ಮೇಜಿನ ಹತ್ತಿರ ಅವರು ಬರುತ್ತಾರಾ? ಮತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮಾತಿಲ್ಲದೆ ಕೂತುಬಿಟ್ಟರೆ ನಾನು ಏನು ಮಾಡಲಿ? ನನ್ನ ಮೇಲೆ ಕೋಪ ಮಾಡಿಕೊಂಡರೆ ಸಂತೋಷ, ಕಾಲು ಹಿಡಿದುಕೊಳ್ಳುತ್ತೇನೆ. ಕೋಪ ಮಾಡಿಕೊಳ್ಳದೆ ಇದ್ದರೆ ಅನ್ನುವುದೇ ಭಯ.

ಅದಕ್ಕೆ ನೀನೇ ದಾರಿ ತೋರಿಸಬೇಕು. ಅವರಿಗೆ ಯಾವ ಮಾತು ಯಾವಾಗ ಹೇಳಬೇಕು ಅನ್ನುವುದು ಈ ಭೂಮಿಯ ಮೇಲೆ ನಿನಗೊಬ್ಬಳಿಗೇ ಗೊತ್ತು. ನೀನೇ ಹೇಳುತ್ತೀಯಾ, ನಾನೇ ಹೇಳಲಾ? ಫೋನಿನಲ್ಲಿ ಬಿಡಿಸಿ ಮಾತಾಡುವ ಹಾಗಿಲ್ಲವಾದ್ದರಿಂದ ಹೀಗೆ ಮಾಡು. ಬುಧವಾರ ಫೋನ್ ಮಾಡಿದಾಗ ದೊಡ್ಡಮ್ಮನ ಮಂಡಿ ಚೆನ್ನಾಗಿ ಮಡಚುತ್ತಿದೆ ಅಂದರೆ ನೀನು ಹೇಳುತ್ತೀಯ ಅಂತ ಅರ್ಥ. ಊತ ಇಳಿದಿಲ್ಲ ಅಂದರೆ ನಾನೇ ಹೇಳಬೇಕು ಅಂತ ಅರ್ಥ. ದೊಡ್ಡಮ್ಮ ಪಕ್ಕದಲ್ಲಿ ಕೂತು ಊತ ಎಲ್ಲಿದೆಯೇ ಅಂತ ಜಗಳ ತೆಗೆದರೆ ನಿನ್ನ ಪಾಡು ನಿನಗೆ. ಆದಷ್ಟು ಮಂಡಿ ಮಡಚುವ ಹಾಗೆ ನೋಡಿಕೋ ಅಮ್ಮಾ.

ಔಷಧಿ ತಪ್ಪಿಸಬೇಡ. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೋ. ದೊಡ್ಡಮ್ಮನ ಹೊಸ ಮಂಡಿಗೂ ಹಳೆಯ ಬಾಯಿಗೂ ನನ್ನ ನಮಸ್ಕಾರ ಹೇಳು. ನೀನಿಲ್ಲದೆ ಈ ಮನೆಯಲ್ಲಿ ಯಾರಿಗೂ ಯಾವ ವಸ್ತುವೂ ಸಿಗುತ್ತಿಲ್ಲ, ಧೈರ್ಯವೂ.

ತಲೆಗೂದಲು ನೆರೆಯುತ್ತಿದ್ದರೂ ನಿನ್ನ,
ಪುಟ್ಟಿ

ಮತ್ತೆ ಬರೆದದ್ದು, ಸೋಮವಾರ ಬೆಳಿಗ್ಗೆ. ನಿಂತುಕೊಂಡೇ ಬರೆಯುತ್ತಿದ್ದೇನೆ, ಕೊರಿಯರಿನವನು ಬಾಗಿಲಲ್ಲಿದ್ದಾನೆ, ಅವನಿಗೆ ಕಾಫಿ ಕೊಟ್ಟು ಕೂರಿಸಿದ್ದೇನೆ. ಈಗ ನಾನು ಸೈಟಿಗೆ ಹೊರಡುವ ಹೊತ್ತಿಗೆ ಅಪ್ಪ ಎದ್ದು ಬಂದು ಮೇಜಿನ ಹತ್ತಿರ ನಿಂತು, "ಪುಟ್ಟಿ, ಇವತ್ತು ಕಂಬ ಒಡೀತಾರೆ ಅಂದೆಯಲ್ಲ. ಬಾಗಿಲಿನ ಎಡಗಡೆ ಎರಡನೇದನ್ನ ಮುಟ್ಟಬೇಡಿ ಅನ್ನು. ಇಡೀ ಚಾವಣಿ ನೀರಿನ ಕೊಳವೆ ಅದರೊಳಗೆ ಇಳಿಸಿದ್ದೀನಿ. ನಕ್ಷೆಯಲ್ಲಿ ಇಲ್ಲ ಅದು, ಆಮೇಲೆ ಮಾಡಿದ್ದು. ಒಡೆದ್ರೆ ನೆಲಮಾಳಿಗೆಯೆಲ್ಲ ನೀರಾಗುತ್ತೆ" ಅಂದರು. ಇಳಿಸಿದ್ದೀನಿ ಅಂದರು ಅಮ್ಮಾ. ಸೈಟಿನ ಮೇಲ್ವಿಚಾರಕಿಗೆ ಫೋನ್ ಮಾಡಿ ಕೆಲಸ ನಿಲ್ಲಿಸಿದೆ. ತಿರುಗಿ ನೋಡಿದರೆ ಅಪ್ಪ ನಗುತ್ತಿದ್ದಾರೆ.

ಮೊದಲ ದಿನವೇ ಗೊತ್ತಾಯಿತಂತೆ, ಆ ಇಕ್ಕಟ್ಟಿನ ಸಾಲಿಗೆ ಬೆರಳು ಬಂದಾಗಲೇ. "ಎಲ್ಲಾ ಸುಳ್ಳು ಹೇಳಿದೆ, ಅಳತೆ ಮಾತ್ರ ನಿಜ ಇಟ್ಟೆ. ಅಳತೇಲಿ ಸುಳ್ಳು ಹೇಳೋಕೆ ನಿನಗೆ ಬರಲ್ಲ, ನಾನೇ ಕಲಿಸಿದ್ದಲ್ವಾ" ಅಂದರು. ಹೌದಮ್ಮಾ, ಹಾಸಿಗೆ, ರೋಗಿ, ಡಾಕ್ಟರು ಎಲ್ಲ ಕಟ್ಟಿ ಹೇಳಿದೆ, ಒಂದು ಗುಂಡಿಯನ್ನು ಅರ್ಧ ಇಂಚು ಅತ್ತಿತ್ತ ಇಡಲು ನನಗೆ ಹೊಳೆಯಲೇ ಇಲ್ಲ. ಕಲ್ಲು ಬಿದ್ದದ್ದನ್ನೂ ರೇಡಿಯೋದಲ್ಲಿ ಕೇಳಿದ್ದರಂತೆ, ಯಾರಿಗೂ ಏನೂ ಆಗಿಲ್ಲ ತಾನೆ ಅಂತ ನನ್ನ ಕೈ ಹಿಡಿದು ಕೇಳಿದರು. ಹಾಗಾದರೆ ಆ ಹುಡುಗನಿಗೆ ಅಷ್ಟು ಬೈದಿರಲ್ಲ ಅಂದೆ. ಅದೆಲ್ಲ ನಿಜವೇ, ಎಷ್ಟೋ ವರ್ಷದಿಂದ ಹೇಳ್ಬೇಕು ಅಂತಿದ್ದೆ, ನನ್ನ ಕಟ್ಟಡ ಅಂದ್ರೆ ನೀನು ಕೇಳಿಸ್ಕೊಳ್ತಿರ್ಲಿಲ್ಲ, ಆಸ್ಪತ್ರೆ ಅಂದಿದ್ದೇ ಒಳ್ಳೇದಾಯ್ತು ಅಂದರು. ನಾನು ಅತ್ತೆ. ಅವರೂ ಅತ್ತರು. ಕೊರಿಯರಿನವನು ಗೋಡೆ ನೋಡಿದ.

ಆಮೇಲೆ ಅಪ್ಪ ಅಂದದ್ದು ಇದು: "ನಂದು ಬಿಡು. ನಿಮ್ಮಮ್ಮನಿಗೆ ಹೇಗೆ ಹೇಳೋದು?" ನೀನು ನಗುವುದು ಹೊರತೋರಿಕೆಗೆ ಮಾತ್ರವಂತೆ. ಬಸ್ಸಿನಲ್ಲಿ ಬರುವಾಗ ಒಂದು ಸ್ಟಾಪ್ ಮುಂಚೆಯೇ ಇಳಿದು ವೃತ್ತದ ಮೂಲಕ ನಡೆದು ಬರುತ್ತೀಯಂತೆ, ಮನೆಗೆ ಬಂದು ಬಸ್ಸು ಲೇಟು ಅನ್ನುತ್ತೀಯಂತೆ. ಕಣ್ಣು ಚೆನ್ನಾಗಿದ್ದಾಗ ಅವರು ಎದುರಿನ ಅಂಗಡಿಯಿಂದ ನೋಡಿದ್ದಾರಂತೆ, ನೀನು ನಿಂತು, ತಲೆ ಎತ್ತಿ ಟೋಪಿಯನ್ನು ನೋಡಿ, ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಹೊರಟದ್ದನ್ನು. "ಊರೆಲ್ಲ ನಕ್ಕಾಗ ನನಗೇ ಅದರ ಮೇಲೆ ನಂಬಿಕೆ ಹೋಗಿತ್ತು. ಅವಳಿಗೆ ಹೋಗ್ಲಿಲ್ಲ" ಅಂದರು. ನಿನಗೆ ಪತ್ರದಲ್ಲಿ, ಫೋನಿನಲ್ಲಿ ಹೇಳಕೂಡದು, ತಾವೇ ಎದುರಿಗೆ ಕೂತು ಹೇಳಬೇಕು ಅಂತ ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಶುಕ್ರವಾರ ಬೆಳಿಗ್ಗೆಯ ರೈಲಿಗೆ ನಾವಿಬ್ಬರೂ ಬರುತ್ತೇವೆ, ಶನಿವಾರದ ಹೂಗುಚ್ಛ ನಿನ್ನ ಅಳಿಯ ತೆಗೆದುಕೊಳ್ಳಲಿ. ಆಗಲೇ ಒಳಗೆ ಮಾತು ಜೋಡಿಸಿಕೊಳ್ಳುತ್ತಿದ್ದಾರೆ, ನನಗೆ ಕೇಳಿಸುತ್ತಿದೆ. ಕೊಟ್ಟ ಮಾತು ಮುರಿದು ಈ ಪತ್ರ ಕಳಿಸುತ್ತಿದ್ದೇನೆ, ಯಾಕೆಂದರೆ ಅವರಿಗೆ ನಿನ್ನ ಮುಖ ಕಾಣದಿದ್ದರೂ ದನಿ ಕೇಳುತ್ತದೆ. ಅವರು ಹೇಳುವಾಗ ಮೊದಲ ಸಲ ಕೇಳಿದ ಹಾಗೆ ಕೇಳು. ಅಳುವುದಿದ್ದರೆ ಈಗಲೇ, ನಾವು ಬರುವ ಮೊದಲೇ ಅತ್ತುಬಿಡಮ್ಮಾ.